ಗಾಡಿ ಕ್ಯಾಂಟೀನ್ ಬ್ಯಾಟರಿ ರಾತ್ರಿ ಎಂಟಕ್ಕೇ ಡೌನ್ ಆಗ್ತಿದ್ಯಾ? ಹೊಸದು ತರೋ ಮುಂಚೆ ಇಷ್ಟು ಚೆಕ್ ಮಾಡಿ

ಬಸ್ ಸ್ಟ್ಯಾಂಡ್ ಎದುರು, ಸಂತೆ ಮೈದಾನದಲ್ಲಿ, ಕಾಲೇಜು ರಸ್ತೆಯಲ್ಲಿ ಈಗ ನಾಲ್ಕು ಚಕ್ರದ ಕ್ಯಾಂಟೀನ್‌ಗಳು ಸಾಲಾಗಿ ನಿಲ್ಲುತ್ತಿವೆ. ಎಗ್ ರೈಸ್, ಗೋಬಿ, ದೋಸೆ, ಜ್ಯೂಸ್ ಎಲ್ಲವೂ ಗಾಡಿಯಲ್ಲೇ. ಕೆಲವು ಸಣ್ಣ ಗೂಡ್ಸ್ ಗಾಡಿ ಮೇಲೆ ಕಟ್ಟಿಸಿದ್ದು, ಕೆಲವು ಎಳೆದುಕೊಂಡು ಹೋಗಿ ನಿಲ್ಲಿಸೋ ಟ್ರೇಲರ್‌ಗಳು. ಇವುಗಳ ಲೈಟು, ಫ್ಯಾನು, ಮಿಕ್ಸಿ, ಕ್ಯೂಆರ್ ಸೌಂಡ್ ಬಾಕ್ಸ್ ಎಲ್ಲಾ ನಡೆಯೋದು ಒಂದೇ ಬ್ಯಾಟರಿ ಮೇಲೆ. ಅದು ವ್ಯಾಪಾರದ ಹೊತ್ತಲ್ಲೇ ಕೈಕೊಟ್ಟರೆ ಅವತ್ತಿನ ದುಡಿಮೆ ಅಷ್ಟಕ್ಕೇ ಮುಗೀತು.

ಬ್ಯಾಟರಿ ಬೇಗ ಇಳಿಯುತ್ತಿದೆ ಅಂದ ಕೂಡಲೇ ಹೆಚ್ಚಿನವರು ಮಾಡೋದು ಒಂದೇ: ಹಳೇದು ಕೊಟ್ಟು ಹೊಸದು ತರೋದು. ಮೂರು ತಿಂಗಳಿಗೆ ಹೊಸದೂ ಅದೇ ಕಥೆ. ಯಾಕಂದ್ರೆ ತೊಂದರೆ ಬ್ಯಾಟರಿಯಲ್ಲಿ ಇರದೆ ಸಣ್ಣ ವೈರಿನಲ್ಲಿ, ತುಕ್ಕು ಹಿಡಿದ ಕ್ಲ್ಯಾಂಪ್‌ನಲ್ಲಿ, ಆಫ್ ಮಾಡದ ಇನ್ವರ್ಟರ್‌ನಲ್ಲಿ ಇರಬಹುದು. ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಇದನ್ನ ಮನೆಯಲ್ಲೇ ಕಂಡುಹಿಡಿಯಬಹುದು. ಕೆಳಗಿನ ಮಾಹಿತಿ 12 ವೋಲ್ಟ್ ಗಾಡಿಗಳಿಗೆ.

ಎರಡು ಬ್ಯಾಟರಿ, ಎರಡು ಕೆಲಸ

ಇಂಜಿನ್ ಬ್ಯಾಟರಿ ಕೆಲಸ ಸೆಲ್ಫ್ ಹೊಡೆಯೋದು. ಕೆಲವೇ ಸೆಕೆಂಡ್ ಜೋರಾಗಿ ಕರೆಂಟ್ ಕೊಟ್ಟು ಸುಮ್ಮನಾಗುತ್ತೆ. ಕ್ಯಾಂಟೀನ್ ಬ್ಯಾಟರಿ ನಾಲ್ಕೈದು ಗಂಟೆ ನಿಧಾನವಾಗಿ ಕೊಡಬೇಕು. ಇದಕ್ಕೆ ಮನೆ ಯುಪಿಎಸ್‌ಗೆ ಹಾಕೋ ಟ್ಯೂಬುಲರ್ ಅಥವಾ ಡೀಪ್ ಸೈಕಲ್ ಬ್ಯಾಟರಿನೇ ಸರಿ. ಲಾರಿ ಬ್ಯಾಟರಿ ತಂದು ಲೈಟಿಗೆ ಹಾಕಿ ದಿನಾ ಪೂರ್ತಿ ಖಾಲಿ ಮಾಡಿದರೆ ಕೆಲವೇ ತಿಂಗಳಲ್ಲಿ ಅದು ಸಾಯುತ್ತೆ.

ಎರಡೂ ಬ್ಯಾಟರಿಯನ್ನು ನೇರ ವೈರ್ ಹಾಕಿ ಜೋಡಿಸಿದ್ದರೆ ಇನ್ನೊಂದು ತಲೆನೋವು. ರಾತ್ರಿ ಲೈಟ್ ಉರಿದಷ್ಟೂ ಇಂಜಿನ್ ಬ್ಯಾಟರಿಯೂ ಇಳಿಯುತ್ತೆ, ಬೆಳಿಗ್ಗೆ ಗಾಡಿ ತಳ್ಳಬೇಕಾಗುತ್ತೆ. ನಡುವೆ ಐಸೊಲೇಟರ್ ರಿಲೇ ಇರಲೇಬೇಕು. ಇಂಜಿನ್ ಓಡುವಾಗ ಎರಡನ್ನೂ ಕೂಡಿಸಿ, ನಿಂತಾಗ ಬೇರೆ ಮಾಡೋದು ಇದರ ಕೆಲಸ.

ಮೊದಲು ಮೀಟರ್ ಹಿಡಿಯಿರಿ

ಚಾರ್ಜಿಂಗ್ ನಿಲ್ಲಿಸಿ, ಎಲ್ಲಾ ಸ್ವಿಚ್ ಆಫ್ ಮಾಡಿ, ಬ್ಯಾಟರಿಯನ್ನ ಮೂರ್ನಾಲ್ಕು ಗಂಟೆ ಸುಮ್ಮನೆ ಬಿಡಿ. ಆಮೇಲೆ ಮೀಟರ್ ಡಿಸಿ 20 ವೋಲ್ಟ್‌ಗೆ ಇಟ್ಟು ಎರಡು ಟರ್ಮಿನಲ್ ಮೇಲೆ ಹಿಡಿಯಿರಿ. ಆಸಿಡ್ ಬ್ಯಾಟರಿಗಳಿಗೆ ಅಂದಾಜು ಲೆಕ್ಕ ಹೀಗಿದೆ:

- 12.6ರಿಂದ 12.7 ವೋಲ್ಟ್: ಪೂರ್ತಿ ತುಂಬಿದೆ
- 12.4: ಮುಕ್ಕಾಲು ಭಾಗ ಇದೆ
- 12.2: ಅರ್ಧ ಇದೆ
- 12.0: ಕಾಲು ಭಾಗ ಮಾತ್ರ
- 11.8ಕ್ಕಿಂತ ಕಡಿಮೆ: ಹೆಚ್ಚುಕಮ್ಮಿ ಖಾಲಿ

12 ವೋಲ್ಟ್ ತೋರಿಸ್ತಿದೆ, ಬ್ಯಾಟರಿ ಫುಲ್ ಇದೆ ಅಂದುಕೊಳ್ಳೋದು ತಪ್ಪು. 12.0 ಅಂದ್ರೆ ಮುಕ್ಕಾಲು ಭಾಗ ಮುಗಿದಿದೆ ಅಂತ ಅರ್ಥ. ಹಾಗೇ ಚಾರ್ಜರ್ ತೆಗೆದ ಕೂಡಲೇ ಹಿಡಿದರೆ 13ರ ಮೇಲೆ ತೋರಿಸುತ್ತೆ. ಅದೂ ನಿಜವಾದ ರೀಡಿಂಗ್ ಅಲ್ಲ.

ಖರ್ಚಿನ ಲೆಕ್ಕ ಹಾಕಿದ್ದೀರಾ?

ಸಂಜೆ ಐದು ಗಂಟೆ ಹೊತ್ತು ವ್ಯಾಪಾರ ಮಾಡೋ ಒಂದು ಎಗ್ ರೈಸ್ ಗಾಡಿ ಅಂದುಕೊಳ್ಳಿ. 10 ವ್ಯಾಟ್‌ನ ನಾಲ್ಕು ಎಲ್‌ಇಡಿ ಬಲ್ಬ್ 200 ವ್ಯಾಟ್ ಅವರ್ ತಿನ್ನುತ್ತೆ. 30 ವ್ಯಾಟ್ ಫ್ಯಾನ್ 150, 20 ವ್ಯಾಟ್ ಬೋರ್ಡ್ ಲೈಟ್ 100, ಮೊಬೈಲ್ ಚಾರ್ಜ್ ಮತ್ತು ಸೌಂಡ್ ಬಾಕ್ಸ್ 50. 500 ವ್ಯಾಟ್ ಮಿಕ್ಸಿ ಎಲ್ಲಾ ಸೇರಿ 20 ನಿಮಿಷ ಓಡಿದರೆ ಸುಮಾರು 165. ಒಟ್ಟು 665. ಇನ್ವರ್ಟರ್ ತಾನೇ ಶೇ 15ರಷ್ಟು ತಿನ್ನುತ್ತೆ ಅಂತ ಹಿಡಿದರೆ ಬ್ಯಾಟರಿಯಿಂದ ಹೋಗೋದು 780 ವ್ಯಾಟ್ ಅವರ್.

ಈಗ ಬ್ಯಾಟರಿ ಕಡೆ ನೋಡಿ. 100 ಎಎಚ್ ಬ್ಯಾಟರಿಯಲ್ಲಿ 12ರಿಂದ ಗುಣಿಸಿದರೆ 1200 ವ್ಯಾಟ್ ಅವರ್ ಇರುತ್ತೆ. ಬ್ಯಾಟರಿ ವರ್ಷಗಟ್ಟಲೆ ಬರಬೇಕು ಅಂದ್ರೆ ದಿನಾ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಅಂದ್ರೆ ಕೈಗೆ ಸಿಗೋದು 600. ಈ ಗಾಡಿಗೆ 100 ಎಎಚ್ ಸಾಲಲ್ಲ. 150 ಎಎಚ್ ಆದರೆ 900 ಸಿಗುತ್ತೆ, ಸಾಕು. ಇಲ್ಲಿ ಬ್ಯಾಟರಿ ಕೆಟ್ಟಿಲ್ಲ, ಹೊರೆ ಜಾಸ್ತಿ ಆಗಿದೆ ಅಷ್ಟೇ.

ಇನ್ನೊಂದು ಮಾತು. ಅಂಗಡಿ ಮುಚ್ಚಿದ ಮೇಲೆ ಇನ್ವರ್ಟರ್ ಸ್ವಿಚ್ ಆಫ್ ಮಾಡದೆ ಬಿಟ್ಟರೆ ಏನೂ ಓಡದಿದ್ದರೂ ಅದು 10–20 ವ್ಯಾಟ್ ಎಳೆಯುತ್ತಾ ಇರುತ್ತೆ. 15 ವ್ಯಾಟ್ ಅಂದರೂ ಬೆಳಗಾಗೋ ಹೊತ್ತಿಗೆ, 12 ಗಂಟೆಯಲ್ಲಿ 180 ವ್ಯಾಟ್ ಅವರ್ ಹೋಯ್ತು. ಮೇಲಿನ ಲೆಕ್ಕದ 150 ಎಎಚ್ ಬ್ಯಾಟರಿಯೂ ಆಗ ಅರ್ಧದ ಗೆರೆ ದಾಟುತ್ತೆ. ಲೈಟು, ಫ್ಯಾನು 12 ವೋಲ್ಟಿನವೇ ಹಾಕಿಸಿ, ಇನ್ವರ್ಟರ್ ಬರೀ ಮಿಕ್ಸಿಗೆ ಇಟ್ಟುಕೊಂಡರೆ ಖರ್ಚು ಕಡಿಮೆ.

ಖಾಲಿ ಆಗ್ತಿದೆಯಾ, ತುಂಬ್ತಾನೇ ಇಲ್ವಾ?

ಎಲ್ಲಾ ಪರೀಕ್ಷೆಗಿಂತ ಮುಖ್ಯವಾದದ್ದು ಇದು. ರಿಪೇರಿ ದಾರಿ ಇಲ್ಲೇ ಗೊತ್ತಾಗುತ್ತೆ.

1. ಮನೆ ಕರೆಂಟಿನಲ್ಲಿ ಒಳ್ಳೆ ಚಾರ್ಜರ್ ಹಾಕಿ ರಾತ್ರಿಯಿಡೀ ಬ್ಯಾಟರಿ ಚಾರ್ಜ್ ಮಾಡಿ.
2. ಬೆಳಿಗ್ಗೆ ಚಾರ್ಜರ್ ತೆಗೆದು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಸೋಲಾರ್ ಇದ್ದರೆ ಮೊದಲು ಪ್ಯಾನಲ್ ವೈರ್ ತೆಗೆಯಿರಿ, ಆಮೇಲೆ ಬ್ಯಾಟರಿ ವೈರ್. ಉಲ್ಟಾ ಮಾಡಿದರೆ ಕಂಟ್ರೋಲರ್ ಸುಡಬಹುದು.
3. ನಾಲ್ಕು ಗಂಟೆ ಬಿಟ್ಟು ರೀಡಿಂಗ್ ಬರೆದಿಡಿ. ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ನೋಡಿ.

12.6ರ ಮೇಲೆ ಬಂದು, ಮಾರನೇ ದಿನವೂ ಹೆಚ್ಚುಕಮ್ಮಿ ಅಷ್ಟೇ ಇದ್ದರೆ ಬ್ಯಾಟರಿ ಚಾರ್ಜ್ ಹಿಡಿದುಕೊಳ್ಳುತ್ತಿದೆ. ಗಾಡಿಯ ವೈರಿಂಗ್ ಕಡೆ ಎಲ್ಲೋ ಸೋರುತ್ತಿದೆ, ಇಲ್ಲವೇ ಗಾಡಿಯಲ್ಲಿ ಚಾರ್ಜ್ ಸರಿಯಾಗಿ ಆಗುತ್ತಿಲ್ಲ. ವೈರ್ ಬಿಚ್ಚಿದ್ದರೂ ಒಂದೇ ದಿನದಲ್ಲಿ 12.3ಕ್ಕೆ ಬಂದರೆ ತೊಂದರೆ ಬ್ಯಾಟರಿ ಒಳಗಿದೆ. ರಾತ್ರಿಯಿಡೀ ಹಾಕಿದರೂ 12.4 ದಾಟದಿದ್ದರೆ ಬೇರೆ ಚಾರ್ಜರ್‌ನಲ್ಲಿ ಒಮ್ಮೆ ನೋಡಿ. ಆಗಲೂ ಏರದಿದ್ದರೆ ಬ್ಯಾಟರಿಯೇ ಹೋಗಿದೆ.

ಕಳ್ಳ ಕರೆಂಟ್ ಹಿಡಿಯೋದು ಹೇಗೆ?

ಎಲ್ಲಾ ಆಫ್ ಇದ್ದರೂ ಬ್ಯಾಟರಿ ಇಳಿಯುತ್ತಿದ್ದರೆ ಯಾವುದೋ ಒಂದು ಲೈನ್ ಕದ್ದು ಎಳೆಯುತ್ತಿದೆ. ಮ್ಯೂಸಿಕ್ ಸಿಸ್ಟಂ, ಯುಎಸ್‌ಬಿ ಚಾರ್ಜಿಂಗ್ ಸಾಕೆಟ್, ಜಿಪಿಎಸ್, ಗ್ಯಾಸ್ ಅಲಾರಂ, ಸೀಟಿನ ಕೆಳಗೆ ಉರಿಯುತ್ತಲೇ ಇರೋ ಬಲ್ಬ್, ಸಿಪ್ಪೆ ಹೋದ ವೈರ್, ಯಾವುದೂ ಆಗಿರಬಹುದು.

ಮೊದಲು ಇನ್ವರ್ಟರ್‌ಗೆ ಹೋಗೋ ವೈರ್ ಬಿಚ್ಚಿಡಿ, ಸೋಲಾರನ್ನೂ ಬೇರೆ ಮಾಡಿ. ಮೀಟರಿನ ಕೆಂಪು ವೈರ್ 10 ಆ್ಯಂಪಿಯರ್ ತೂತಿಗೆ ಹಾಕಿ, ಡಯಲ್ ಡಿಸಿ ಆ್ಯಂಪಿಯರ್‌ಗೆ ತಿರುಗಿಸಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಆ ವೈರ್ ಮತ್ತು ನೆಗೆಟಿವ್ ಟರ್ಮಿನಲ್ ನಡುವೆ ಮೀಟರ್ ಕೂರಿಸಿ. ಈಗ ಗಾಡಿ ಎಳೆಯೋ ಕರೆಂಟೆಲ್ಲಾ ಮೀಟರ್ ಮೂಲಕವೇ ಹೋಗುತ್ತೆ.

0.05 ಆ್ಯಂಪಿಯರ್ ಒಳಗಿದ್ದರೆ ಚಿಂತೆ ಇಲ್ಲ. 0.5 ಬಂದರೆ ದಿನಕ್ಕೆ 12 ಎಎಚ್ ಹೋಗುತ್ತಿದೆ, 150 ಎಎಚ್ ಬ್ಯಾಟರಿ ಸುಮಾರು ಆರು ದಿನದಲ್ಲಿ ಅರ್ಧಕ್ಕೆ ಬರುತ್ತೆ. 1 ಆ್ಯಂಪಿಯರ್ ಇದ್ದರೆ ಮೂರೇ ದಿನ. ಈಗ ಫ್ಯೂಸ್‌ಗಳನ್ನ ಒಂದೊಂದಾಗಿ ತೆಗೆಯುತ್ತಾ ಬನ್ನಿ. ಯಾವ ಫ್ಯೂಸ್ ತೆಗೆದಾಗ ರೀಡಿಂಗ್ ದಡಕ್ಕನೆ ಇಳಿಯುತ್ತೋ ಆ ಲೈನಿನಲ್ಲೇ ಕಳ್ಳ ಇದ್ದಾನೆ.

ಎಚ್ಚರ: ಮೀಟರ್ ಹೀಗೆ ಕೂರಿಸಿದಾಗ ಸೆಲ್ಫ್ ಹೊಡೆಯಬೇಡಿ, ಮಿಕ್ಸಿ, ಇನ್ವರ್ಟರ್ ಆನ್ ಮಾಡಬೇಡಿ. ಮೀಟರ್ ಸುಡುತ್ತೆ. ಕೆಲಸ ಮುಗಿದ ಮೇಲೆ ಕೆಂಪು ವೈರ್ ವಾಪಸ್ ವೋಲ್ಟ್ ತೂತಿಗೆ ಹಾಕಿ. ಮರೆತು ಹಾಗೇ ವೋಲ್ಟ್ ನೋಡಲು ಹೋದರೆ ನೇರ ಶಾರ್ಟ್ ಆಗುತ್ತೆ.

ಗಾಡಿ ಓಡಿದರೂ ಚಾರ್ಜ್ ಆಗ್ತಿಲ್ವಾ?

ಇಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು ಎರಡೂ ಬ್ಯಾಟರಿ ಮೇಲೆ ವೋಲ್ಟ್ ನೋಡಿ.

- ಎರಡರಲ್ಲೂ 13.8ರಿಂದ 14.4: ಸರಿ ಇದೆ.
- ಎರಡರಲ್ಲೂ 12.5ರ ಆಸುಪಾಸು: ಆಲ್ಟರ್ನೇಟರ್ ಕೊಡುತ್ತಿಲ್ಲ. ಬೆಲ್ಟ್ ಸಡಿಲ, ಬ್ರಷ್, ರೆಗ್ಯುಲೇಟರ್ ನೋಡಿಸಿ.
- ಮುಂದೆ 14.1, ಹಿಂದೆ 12.4: ಐಸೊಲೇಟರ್ ರಿಲೇ, ಫ್ಯೂಸ್, ಇಲ್ಲವೇ ನಡುವಿನ ವೈರ್ ಹೋಗಿದೆ.
- 15 ದಾಟಿದರೆ: ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಬಿಸಿಯಾಗಿ ನೀರು ಬೇಗ ಒಣಗುತ್ತೆ, ಕೊಳೆತ ಮೊಟ್ಟೆ ವಾಸನೆಯೂ ಬರಬಹುದು. ತಕ್ಷಣ ನಿಲ್ಲಿಸಿ.

ಕೆಲವು ಹೊಸ ಗಾಡಿಗಳಲ್ಲಿ ಡೀಸೆಲ್ ಉಳಿಸಲು ಆಲ್ಟರ್ನೇಟರ್ ವೋಲ್ಟೇಜ್ ತಾನಾಗೇ ಇಳಿಯುತ್ತೆ. ಅಂಥ ಗಾಡಿಯಲ್ಲಿ ಬರೀ ರಿಲೇ ಹಾಕಿದರೆ ಹಿಂದಿನ ಬ್ಯಾಟರಿ ಎಂದೂ ತುಂಬಲ್ಲ. ಡಿಸಿ ಟು ಡಿಸಿ ಚಾರ್ಜರ್ ಬೇಕು.

ಎಲ್ಲಾ ಸರಿ ಇದ್ದರೂ ಹೊತ್ತಿನ ಲೆಕ್ಕ ಇದೆ. ಮನೆಯಿಂದ ಸ್ಟ್ಯಾಂಡಿಗೆ 20 ನಿಮಿಷದ ದಾರಿ ಅಂದುಕೊಳ್ಳಿ. 20 ಆ್ಯಂಪಿಯರ್ ಹೋದರೂ ಬ್ಯಾಟರಿಗೆ ಸೇರಿದ್ದು 7 ಎಎಚ್ ಕೂಡ ಆಗಲ್ಲ. ರಾತ್ರಿ ಖರ್ಚಾಗಿದ್ದು 65 ಎಎಚ್. ಊರೊಳಗೆ ಓಡಾಡೋ ಗಾಡಿ ಇಂಜಿನ್ ನಂಬಿಕೊಂಡರೆ ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಇಳಿದು ವಾರದೊಳಗೇ ಮಲಗುತ್ತೆ. ಎಳೆದುಕೊಂಡು ಹೋಗೋ ಟ್ರೇಲರ್‌ಗಳಲ್ಲಂತೂ ಸ್ವಂತ ಇಂಜಿನ್ನೇ ಇಲ್ಲ. ಅವುಗಳಿಗೆ ಮನೆ ಕರೆಂಟ್ ಅಥವಾ ಸೋಲಾರ್‌ನಲ್ಲಿ ತುಂಬಿಸೋದೇ ದಾರಿ.

ಮನೆ ಕರೆಂಟಿನಲ್ಲಿ ಚಾರ್ಜ್

ಆಸಿಡ್ ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಭಾಗದಷ್ಟು ಆ್ಯಂಪಿಯರ್ ಸರಿಯಾದ ಅಳತೆ. 150 ಎಎಚ್‌ಗೆ 15 ಆ್ಯಂಪಿಯರ್. ಅರ್ಧ ಖಾಲಿಯಾದ ಬ್ಯಾಟರಿ ಪೂರ್ತಿ ತುಂಬಲು ಎಂಟು–ಹತ್ತು ಗಂಟೆ ಬೇಕು, ಯಾಕಂದ್ರೆ ಕೊನೆಯ ಭಾಗ ನಿಧಾನ. ಎರಡು ಗಂಟೆ ಹಾಕಿ ತೆಗೆಯೋದನ್ನೇ ರೂಢಿ ಮಾಡಿಕೊಂಡರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಬ್ಯಾಟರಿ ಹಿಡಿಯೋ ಶಕ್ತಿನೇ ಕಡಿಮೆ ಆಗುತ್ತೆ.

ಇನ್ವರ್ಟರ್‌ನಲ್ಲೇ ಚಾರ್ಜರ್ ಇದ್ದರೆ ಅದರ ಹಿಂದೆ ಬ್ಯಾಟರಿ ಬಗೆ ಆರಿಸೋ ಸ್ವಿಚ್ ಇದೆಯಾ ನೋಡಿ. ಟ್ಯೂಬುಲರ್ ಬ್ಯಾಟರಿ ಇಟ್ಟು ಸ್ವಿಚ್ ಎಸ್‌ಎಂಎಫ್‌ನಲ್ಲಿ ಬಿಟ್ಟಿದ್ದರೆ ವೋಲ್ಟೇಜ್ ಸಾಲದೆ ಅರೆಬರೆ ಚಾರ್ಜ್ ಆಗುತ್ತೆ. ಚಾರ್ಜ್ ಆಗುವಾಗ ಟರ್ಮಿನಲ್ ಮೇಲೆ 14.4ರವರೆಗೆ ಏರಿ, ತುಂಬಿದ ಮೇಲೆ 13.5–13.8ಕ್ಕೆ ಇಳಿಯಬೇಕು. ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಇದ್ದವರು ಸಂಜೆ ಲೋ ವೋಲ್ಟೇಜ್ ಹೊತ್ತಲ್ಲಿ ಹಾಕಿ ಪ್ರಯೋಜನ ಇಲ್ಲ. ರಾತ್ರಿ ಹತ್ತರ ಮೇಲೆ ಹಾಕಿ. ಕಂಬದಿಂದ ಕೊಕ್ಕೆ ಹಾಕಿ ಎಳೆಯೋದು ಅಪರಾಧ, ಜೀವಕ್ಕೂ ಅಪಾಯ. ತಗಡಿನ ಗಾಡಿಗೆ ಅರ್ಥಿಂಗ್ ಇರೋ ಪ್ಲಗ್ಗೇ ಬೇಕು.

ಸೋಲಾರ್ ಇದ್ದರೂ ಸಾಲ್ತಿಲ್ಲ ಅಂದ್ರೆ

100 ವ್ಯಾಟ್ ಪ್ಯಾನಲ್ ನೆತ್ತಿ ಬಿಸಿಲಿಗೆ 5–6 ಆ್ಯಂಪಿಯರ್ ಕೊಡುತ್ತೆ. ಒಳ್ಳೆ ಬಿಸಿಲಿನ ದಿನಕ್ಕೆ ಕೈಗೆ ಸಿಗೋದು 300ರಿಂದ 400 ವ್ಯಾಟ್ ಅವರ್. ಮೇಲಿನ ಎಗ್ ರೈಸ್ ಗಾಡಿಗೆ ಇದು ಅರ್ಧವೂ ಸಾಲದೆ ಹೋಗಬಹುದು. ಮಳೆಗಾಲದಲ್ಲಿ ಇನ್ನೂ ಕಡಿಮೆ.

ಪ್ಯಾನಲ್ ಮೇಲಿನ ಧೂಳು, ಒಗ್ಗರಣೆ ಹೊಗೆಯ ಜಿಡ್ಡು ವಾರಕ್ಕೊಮ್ಮೆ ಒರೆಸಿ. ಗಾಡಿ ತಣ್ಣಗಿರಲಿ ಅಂತ ಹೊಂಗೆ ಮರದ ಕೆಳಗೆ ನಿಲ್ಲಿಸಿದರೆ ಪ್ಯಾನಲ್ ಮಲಗಿದ ಹಾಗೇ. ಒಂದು ಕೊಂಬೆಯ ನೆರಳು ಬಿದ್ದರೂ ಕರೆಂಟ್ ತುಂಬಾ ಇಳಿಯುತ್ತೆ. ಬಿಸಿಲಲ್ಲಿ ಪ್ಯಾನಲ್ ವೈರ್ ಬಿಚ್ಚಿ ನೋಡಿದಾಗ 12 ವೋಲ್ಟ್ ಪ್ಯಾನಲ್ 20ರ ಮೇಲೆ ತೋರಿಸಬೇಕು. ತೋರಿಸಿಯೂ ಬ್ಯಾಟರಿಗೆ ಹೋಗುತ್ತಿಲ್ಲ ಅಂದ್ರೆ ಕಂಟ್ರೋಲರ್ ಅಥವಾ ಅದರ ಫ್ಯೂಸ್ ನೋಡಿ.

ಸಣ್ಣ ವೈರ್, ದೊಡ್ಡ ನಷ್ಟ

ಕಾಸು ಉಳಿಸಲು ಮುಂದಿನಿಂದ ಹಿಂದಕ್ಕೆ ತೆಳು ವೈರ್ ಎಳೆಸಿದ್ದರೆ ಚಾರ್ಜ್ ದಾರಿಯಲ್ಲೇ ಸೋರುತ್ತೆ. 4 ಚದರ ಎಂಎಂ ತಾಮ್ರದ ವೈರ್, ಹೋಗಿ ಬರೋದು 10 ಮೀಟರ್, 20 ಆ್ಯಂಪಿಯರ್ ಅಂದ್ರೆ ಸುಮಾರು 0.9 ವೋಲ್ಟ್ ವೈರಿನಲ್ಲೇ ಹೋಗುತ್ತೆ. ಮುಂದೆ 14.2 ಇದ್ದರೂ ಹಿಂದಿನ ಬ್ಯಾಟರಿಗೆ 13.3 ಮಾತ್ರ. ಅದರಲ್ಲಿ ಪೂರ್ತಿ ತುಂಬಲ್ಲ. ಅದೇ 16 ಚದರ ಎಂಎಂ ಹಾಕಿದರೆ ನಷ್ಟ 0.25 ವೋಲ್ಟ್ ಒಳಗೆ.

ಇದನ್ನ ನೋಡೋದು ಸುಲಭ. ಚಾರ್ಜ್ ಆಗುತ್ತಿರುವಾಗ ಎರಡೂ ತುದಿಯ ವೋಲ್ಟ್ ಹಿಡಿದು ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ವೈರ್, ಲಗ್, ಕ್ಲ್ಯಾಂಪ್, ಬಾಡಿ ಅರ್ಥ್ ಒಂದೊಂದೇ ಕೈಯಿಂದ ಅಲ್ಲಾಡಿಸಿ ಮುಟ್ಟಿ ನೋಡಿ. ಬಿಸಿ ಇರೋ ಜಾಗವೇ ತೊಂದರೆ ಇರೋ ಜಾಗ. ಮೇನ್ ಫ್ಯೂಸ್ ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನ ಒಳಗೇ ಇರಬೇಕು. ಫ್ಯೂಸ್ ಹೋಯ್ತು ಅಂತ ತಾಮ್ರದ ತಂತಿ ಸುತ್ತಬೇಡಿ. ಗ್ಯಾಸ್ ಸಿಲಿಂಡರ್ ಇರೋ ಗಾಡಿಯಲ್ಲಿ ಅದು ಬೆಂಕಿಗೆ ಕೊಟ್ಟ ಆಹ್ವಾನ.

ಬ್ಯಾಟರಿ ಆರೈಕೆ

ಹಸಿರು–ಬಿಳಿ ಪುಡಿ ಕಟ್ಟಿದ ಟರ್ಮಿನಲ್ಲನ್ನು ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಸೋಡಾ ನೀರು ಬ್ಯಾಟರಿ ಒಳಗೆ ಹೋಗದ ಹಾಗೆ ಮುಚ್ಚಳ ಬಿಗಿ ಇರಲಿ. ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ.

ತಿಂಗಳಿಗೊಮ್ಮೆ ನೀರು ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು, ನಲ್ಲಿ ನೀರು, ಕುಡಿಯೋ ಫಿಲ್ಟರ್ ನೀರು ಬೇಡ. ಆಸಿಡ್ ಅಂತೂ ಸೇರಿಸಲೇಬೇಡಿ. ಪ್ಲೇಟ್ ಕಾಣಿಸುತ್ತಿದ್ದರೆ ಮುಳುಗೋವಷ್ಟು ಮಾತ್ರ ಹಾಕಿ ಚಾರ್ಜ್ ಮಾಡಿ, ಉಳಿದದ್ದು ಚಾರ್ಜ್ ಆದ ಮೇಲೆ.

ಪೂರ್ತಿ ಚಾರ್ಜ್ ಆದ ಮೇಲೆ ಹೈಡ್ರೋಮೀಟರ್‌ನಲ್ಲಿ ಆರೂ ಸೆಲ್ ನೋಡಿಸಿ. ಟ್ಯೂಬುಲರ್ ಬ್ಯಾಟರಿಯಲ್ಲಿ 1240ರ ಆಸುಪಾಸು ಬರೋದು ಸಾಮಾನ್ಯ. ಐದು ಸೆಲ್ ಸರಿ ಇದ್ದು ಒಂದು ಮಾತ್ರ 50 ಪಾಯಿಂಟ್‌ಗಿಂತ ಕೆಳಗಿದ್ದರೆ ಆ ಸೆಲ್ ಹೋಗಿದೆ. ಆಗ ಮಾತ್ರ ಹೊಸ ಬ್ಯಾಟರಿ ಮಾತು.

ಲಿಥಿಯಂ ಬ್ಯಾಟರಿ ಹಾಕಿಸಿದವರಿಗೆ ಮೇಲಿನ ವೋಲ್ಟ್ ಪಟ್ಟಿ ನಡೆಯಲ್ಲ. 12 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹೆಚ್ಚಿನ ಹೊತ್ತು 13.2ರ ಆಸುಪಾಸಿನಲ್ಲೇ ನಿಂತು, ಕೊನೆಗೆ ಒಮ್ಮೆಲೇ ಕಟ್ ಆಗುತ್ತೆ. ಮೀಟರ್ ಸೊನ್ನೆ ತೋರಿಸಿದರೂ ಸತ್ತಿದೆ ಅಂದುಕೊಳ್ಳಬೇಡಿ. ಒಳಗಿನ ಬಿಎಂಎಸ್ ಲಾಕ್ ಮಾಡಿರಬಹುದು, ಲಿಥಿಯಂ ಚಾರ್ಜರ್ ಹಾಕಿದರೆ ಮತ್ತೆ ಎದ್ದೇಳಬಹುದು.

ಗಾಡಿ ನಿಲ್ಲಿಸಿ ಊರಿಗೆ ಹೋಗುವಾಗ

ಬ್ಯಾಟರಿ ಪೂರ್ತಿ ತುಂಬಿಸಿ ನೆಗೆಟಿವ್ ಬಿಚ್ಚಿಡಿ. ತಿಂಗಳಿಗೊಮ್ಮೆ ಚಾರ್ಜ್ ಹಾಕಿ. ಮಳೆಗಾಲ ಪೂರ್ತಿ ಖಾಲಿ ಬಿಟ್ಟ ಬ್ಯಾಟರಿ ದಸರಾ ಹೊತ್ತಿಗೆ ಎದ್ದೇಳೋದು ಕಷ್ಟ.

ಇವು ಮರೆಯಬೇಡಿ

- ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್.
- ಉಂಗುರ, ಬಳೆ, ಚೈನ್ ತೆಗೆದಿಟ್ಟು ಕೆಲಸ ಮಾಡಿ.
- ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತೆ. ಹತ್ತಿರ ಒಲೆ, ಬೀಡಿ, ಕಡ್ಡಿ ಬೇಡ. ಬ್ಯಾಟರಿ ಬಾಕ್ಸಿಗೆ ಗಾಳಿ ಆಡಲಿ, ಸಿಲಿಂಡರ್ ಪಕ್ಕ ಇಡಬೇಡಿ.
- ಆಸಿಡ್ ಕಣ್ಣಿಗೆ ಹಾರಿದರೆ 15 ನಿಮಿಷಕ್ಕೆ ಕಡಿಮೆ ಇಲ್ಲದಂತೆ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಅಂಗಡಿಗೆ ಹೋಗೋದೇ ಆದರೆ

ಹಳೇ ಬ್ಯಾಟರಿಯ ವಾರಂಟಿ ಕಾರ್ಡು, ಬಿಲ್ಲು ಹುಡುಕಿ. ಅವಧಿ ಇದ್ದರೆ ಡೀಲರ್ ಟೆಸ್ಟ್ ಮಾಡಿಕೊಡಬೇಕು. ನೀವು ಬರೆದಿಟ್ಟ ವೋಲ್ಟ್ ರೀಡಿಂಗ್ ಆಗ ಉಪಯೋಗಕ್ಕೆ ಬರುತ್ತೆ. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹೊಸದಕ್ಕೆ ಬಿಲ್ ಹಾಕಿಸಿ, ಕಾರ್ಡಿನ ಮೇಲೆ ಮಾರಿದ ತಾರೀಖು, ಸೀಲು ಹಾಕಿಸಿಕೊಂಡೇ ಬನ್ನಿ.

ಹಳೇ ಬ್ಯಾಟರಿಯನ್ನು ಡೀಲರ್‌ಗೆ ಎಕ್ಸ್‌ಚೇಂಜ್ ಕೊಟ್ಟರೆ ಸೀಸದ ಬೆಲೆ ಕಳೆದು ಕೊಡುತ್ತಾರೆ. ಬ್ಯಾಟರಿ ತ್ಯಾಜ್ಯ ನಿರ್ವಹಣೆಗೆ 2022ರಲ್ಲಿ ಬಂದ ನಿಯಮಗಳ ಪ್ರಕಾರ ಇದನ್ನ ಮನೆ ಕಸದ ಜೊತೆ ಸೇರಿಸುವ ಹಾಗಿಲ್ಲ. ಆಸಿಡ್ ಚರಂಡಿಗೆ ಸುರಿದು ಪೆಟ್ಟಿಗೆ ಮಾತ್ರ ಗುಜರಿಗೆ ಹಾಕೋದೂ ಬೇಡ. ಅದು ಸೇರೋದು ನಮ್ಮದೇ ಬಾವಿ, ಬೋರ್‌ವೆಲ್ ನೀರಿಗೆ.

ಮೇಲಿನದ್ದೆಲ್ಲಾ ನೋಡಿಯೂ ದಾರಿ ಕಾಣದಿದ್ದರೆ, ವೈರ್ ಬಿಸಿ ಆಗುತ್ತಿದ್ದರೆ, ಬ್ಯಾಟರಿ ಉಬ್ಬಿದ್ದರೆ ಕೈ ಹಾಕಬೇಡಿ. ಆಟೋ ಎಲೆಕ್ಟ್ರಿಷಿಯನ್ ಕರೆಸಿ. ರಾತ್ರಿ ಚಾರ್ಜ್ ತೆಗೆದ ಮೇಲೆ ಎಷ್ಟಿತ್ತು, ಬೆಳಿಗ್ಗೆ ಎಷ್ಟಾಯ್ತು, ಇಂಜಿನ್ ಆನ್ ಇದ್ದಾಗ ಎಷ್ಟು ಅಂತ ಮೂರು ರೀಡಿಂಗ್ ಚೀಟಿಯಲ್ಲಿ ಬರೆದು ಕೊಟ್ಟರೆ ಅವರ ಅರ್ಧ ದಿನದ ಹುಡುಕಾಟ, ನಿಮ್ಮ ಅರ್ಧ ದಿನದ ಕೂಲಿ ಎರಡೂ ಉಳಿಯುತ್ತೆ.